ಡಾಟ್ ಇನ್ ಬೇಕೋ, ಡಾಟ್ ಕಾಮ್ ಬೇಕೋ: ಬಾಲ ನೋಡುವ ಮುಂಚೆ ಅದರ ಹಿಂದೆ ಯಾರಿದ್ದಾರೆ ನೋಡಿ

ಹಪ್ಪಳ, ಸಂಡಿಗೆ ಮಾಡಿ ಮಾರುವ ಒಂದು ಮಹಿಳಾ ಸಂಘಕ್ಕೆ ನಾನು ಬಿಡುವಿದ್ದಾಗ ಕಂಪ್ಯೂಟರ್ ಕೆಲಸದಲ್ಲಿ ಸಹಾಯ ಮಾಡುತ್ತೇನೆ. ಒಂದು ದಿನ ಅಲ್ಲಿನ ಅಧ್ಯಕ್ಷರು ಫೋನ್ ಮಾಡಿದರು. "ನಮ್ಮ ವೆಬ್‌ಸೈಟ್ ತೆಗೆದರೆ ಯಾವುದೋ ಜೂಜಾಟ ಬರ್ತಾ ಇದೆ, ಸ್ವಲ್ಪ ನೋಡಿ" ಅಂದರು. ಅವರ ದನಿಯಲ್ಲಿ ಗಾಬರಿ ಇತ್ತು. ಆ ವಿಳಾಸವನ್ನು ಅವರು ವರ್ಷಗಟ್ಟಲೆ ಪ್ರತಿ ಪೊಟ್ಟಣದ ಮೇಲೂ ಅಚ್ಚು ಹಾಕಿಸಿದ್ದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಸೈಟ್ ಮಾಡಿಕೊಟ್ಟ ಹುಡುಗ ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ತನ್ನ ಹೆಸರಲ್ಲಿ, ತನ್ನ ಇಮೇಲ್ ಕೊಟ್ಟು ಕೊಂಡಿದ್ದ. ಆಮೇಲೆ ಬೇರೆ ಕೆಲಸ ಸಿಕ್ಕಿ ಹೋದ. ನವೀಕರಣದ ಮೇಲ್‌ಗಳೆಲ್ಲ ಅವನು ತೆರೆಯದ ಆ ಹಳೇ ಇಮೇಲ್‌ಗೆ ಹೋಗಿ ಬಿದ್ದಿದ್ದವು. ಅವಧಿ ಮುಗಿಯಿತು, ಹೆಸರು ಬಿಡುಗಡೆಯಾಯಿತು, ಇನ್ಯಾರೋ ಕೊಂಡರು. ಆ ಹುಡುಗ ಕೆಟ್ಟವನಲ್ಲ. ಹೆಸರು ಯಾರ ಪಟ್ಟಿಯಲ್ಲಿ ಯಾರ ಹೆಸರಿಗೆ ಇದೆ ಅಂತ ಯಾರೂ ಕೇಳಿರಲಿಲ್ಲ.

ಹೊಸ ಹೆಸರು ಕೊಳ್ಳಲು ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ "ಡಾಟ್ ಕಾಮ್ ಒಳ್ಳೆಯದಾ, ಡಾಟ್ ಇನ್ ಒಳ್ಳೆಯದಾ?" ಎಲ್ಲರೂ ಇದನ್ನೇ ಕೇಳುತ್ತಾರೆ. ವಿಳಾಸದ ಕೊನೆಯಲ್ಲಿ ಬರುವ ಈ ಕಾಮ್, ಇನ್ ತರಹದ ತುಂಡನ್ನು ನಾನು ಬಾಲ ಅನ್ನುತ್ತೇನೆ. ನಾನು ಉತ್ತರ ಹೇಳುವ ಮುಂಚೆ ಪ್ರತಿ ಬಾಲದ ಹಿಂದೆ ಯಾರಿದ್ದಾರೆ ಅಂತ ಹೇಳಿದೆ. ಅದು ಗೊತ್ತಾದ ಮೇಲೆ ಅವರೇ ಆರಿಸಿಕೊಂಡರು. ಇಲ್ಲಿಯೂ ಅದೇ ದಾರಿ ಹಿಡಿಯುತ್ತೇನೆ.

ಹೆಸರನ್ನು ಬಲಗಡೆಯಿಂದ ಓದಿ

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ವಿಳಾಸ "ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್". ನಾವು ಇದನ್ನು ಎಡದಿಂದ ಓದುತ್ತೇವೆ. ಇಂಟರ್ನೆಟ್ ಬಲದಿಂದ ಓದುತ್ತದೆ. ಮೊದಲು ಜಗತ್ತಿಗೆಲ್ಲ ಒಂದೇ ಆದ ಬೇರಿನ ಪಟ್ಟಿ, ಅಂದರೆ ರೂಟ್‌ನಲ್ಲಿ "ಇನ್ ಯಾರದ್ದು?" ಅಂತ ಕೇಳುತ್ತದೆ. ಅಲ್ಲಿ ಭಾರತದ ಸರ್ವರ್‌ಗಳ ವಿಳಾಸ ಸಿಗುತ್ತದೆ. ಅಲ್ಲಿ ಹೋಗಿ "ಎಸಿ ಯಾರದ್ದು?", ಅದರಲ್ಲಿ "ಐಐಎಸ್‌ಸಿ ಎಲ್ಲಿದೆ?" ಅಂತ ಕೇಳುತ್ತಾ ಬರುತ್ತದೆ. ಚುಕ್ಕಿ ಅಂದರೆ ಸಾಮಾನ್ಯವಾಗಿ ಒಂದು ಅಧಿಕಾರ ಮುಗಿದು ಇನ್ನೊಂದು ಶುರುವಾಗುವ ಗಡಿ. ಬಲಗಡೆ ಇರುವವರಿಗೆ ಎಡಗಡೆ ಇರುವವರ ಮೇಲೆ ಹಿಡಿತ ಇರುತ್ತದೆ.

ದೇಶಗಳಿಗೆ ಎರಡಕ್ಷರದ ಬಾಲ ಎಲ್ಲಿಂದ ಬಂತು? ಐಎಸ್‌ಒ 3166 ಅನ್ನುವ ಅಂತರರಾಷ್ಟ್ರೀಯ ಪಟ್ಟಿಯಿಂದ. ಇಂಟರ್ನೆಟ್‌ನ ಹೆಸರುಗಳನ್ನು ಬಹಳ ಕಾಲ ನೋಡಿಕೊಂಡ ಜಾನ್ ಪೋಸ್ಟೆಲ್ 1994ರಲ್ಲಿ ಇದರ ನಿಯಮ ಬರೆದಿಟ್ಟರು. ಯಾವುದು ದೇಶ, ಯಾವುದು ಅಲ್ಲ ಅಂತ ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ, ಪಟ್ಟಿಯಲ್ಲಿ ಇದ್ದರೆ ಕೊಡುತ್ತೇವೆ ಅನ್ನುವುದು ಅವರ ನಿಲುವು. ಬಾಲವನ್ನು ನೋಡಿಕೊಳ್ಳುವವರು ಆ ದೇಶದ ಜನರ ಪರವಾಗಿ ಅದನ್ನು ಕಾಯುವವರು, ಅದು ಅವರ ಸ್ವತ್ತಲ್ಲ ಅಂತಲೂ ಅದರಲ್ಲಿದೆ. ನನಗೆ ಈ ಮಾತು ತುಂಬಾ ಇಷ್ಟ.

ಭಾರತಕ್ಕೆ ಡಾಟ್ ಇನ್ ಸಿಕ್ಕಿದ್ದು 1989ರಲ್ಲಿ. ಮುಂಬೈಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಆ ಕಾಲದಲ್ಲಿ ಯಾರು ಬೇಕಾದರೂ ನೇರವಾಗಿ ಡಾಟ್ ಇನ್ ಕೊಳ್ಳುವ ಹಾಗಿರಲಿಲ್ಲ. ಕೋ ಡಾಟ್ ಇನ್ ತರಹದ ಮೂರನೇ ಹಂತದ ಹೆಸರೇ ಸಿಗುತ್ತಿದ್ದದ್ದು. 2004ರ ತನಕ ಒಟ್ಟು ಹೆಸರುಗಳು ಕೆಲವೇ ಸಾವಿರ. 2005ರ ಜನವರಿಯಲ್ಲಿ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಇದನ್ನು ಕೈಗೆ ತೆಗೆದುಕೊಂಡಿತು. ಇದು 2003ರಲ್ಲಿ ಶುರುವಾದ ಲಾಭದ ಉದ್ದೇಶ ಇಲ್ಲದ ಕಂಪನಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಕೆಳಗೆ ಬರುತ್ತದೆ. ಟ್ರೇಡ್‌ಮಾರ್ಕ್ ಇದ್ದವರಿಗೆ ಮೊದಲ ಅವಕಾಶ ಕೊಟ್ಟು, ಆ ವರ್ಷದ ಫೆಬ್ರುವರಿಯಲ್ಲಿ ಬಾಗಿಲು ಎಲ್ಲರಿಗೂ ತೆರೆದರು. ಈಗ ಡಾಟ್ ಇನ್ ಹೆಸರುಗಳು 30 ಲಕ್ಷ ದಾಟಿವೆ.

ಇದನ್ನು ಸಂಘದಲ್ಲಿ ನಾನು ಪಹಣಿಯ ಉದಾಹರಣೆ ಕೊಟ್ಟು ಹೇಳಿದ್ದೆ. ಯಾವ ಹೆಸರು ಯಾರದ್ದು ಅಂತ ಬರೆದಿಡುವ ಮೂಲ ಪುಸ್ತಕ ನಿಕ್ಸಿಯದ್ದು. ಅದು ರಿಜಿಸ್ಟ್ರಿ. ಆ ಪುಸ್ತಕದಲ್ಲಿ ನಿಮ್ಮ ಪರವಾಗಿ ಬರೆಸುವ ಕೌಂಟರ್‌ಗಳು ರಿಜಿಸ್ಟ್ರಾರ್‌ಗಳು. ನಿಕ್ಸಿ ಮಾನ್ಯತೆ ಕೊಟ್ಟ ಇಂಥ ಕೌಂಟರ್‌ಗಳು ಬಹಳ ಇವೆ. ಅದರಲ್ಲಿ ಯಾರ ಹೆಸರು ಬರೆದಿದೆಯೋ ಅವರು ಖಾತೆದಾರರು. ಸೈಟ್ ಮಾಡಿಕೊಡುವ ಹುಡುಗ ಈ ಸಾಲಿನಲ್ಲಿ ಎಲ್ಲೂ ಇಲ್ಲ. ಅವನು ಅರ್ಜಿ ಬರೆದುಕೊಡುವವನು ಅಷ್ಟೇ. ಒಂದೇ ವ್ಯತ್ಯಾಸ ಏನೆಂದರೆ ಜಮೀನು ಸ್ವಂತದ್ದಾಗುತ್ತದೆ, ಹೆಸರು ಆಗುವುದಿಲ್ಲ. ಅದು ಗುತ್ತಿಗೆ. ಒಂದು ಸಲಕ್ಕೆ 1 ವರ್ಷದಿಂದ 10 ವರ್ಷದವರೆಗೆ.

ಈ ಪುಸ್ತಕವನ್ನು ತಾಂತ್ರಿಕವಾಗಿ ನಡೆಸುವ ಗುತ್ತಿಗೆ ಬದಲಾಗುತ್ತಾ ಬಂದಿದೆ. 2005ರಿಂದ ಅಫಿಲಿಯಾಸ್, 2019ರಿಂದ ನ್ಯೂಸ್ಟಾರ್ ಅನ್ನುವ ಕಂಪನಿಗಳ ಕೈಯಲ್ಲಿ ಇತ್ತು. ನ್ಯೂಸ್ಟಾರ್‌ನ ಆ ವ್ಯವಹಾರವನ್ನು 2020ರಲ್ಲಿ ಗೋಡ್ಯಾಡಿ ಕೊಂಡಿತು. 2025ರಲ್ಲಿ ಕೆಲಸ ಟುಕೌಸ್ ಅನ್ನುವ ಕಂಪನಿಗೆ ಹೋಯಿತು. ನಿಯಮ ಮಾಡುವವರು ಬದಲಾಗಿಲ್ಲ. ಹಾಗಾಗಿ ಇಂಥ ಸುದ್ದಿ ಕೇಳಿ ನಿಮ್ಮ ಹೆಸರಿಗೆ ಏನಾಗುತ್ತೋ ಅಂತ ಹೆದರಬೇಕಿಲ್ಲ.

ನೇರ ಡಾಟ್ ಇನ್, ಅಥವಾ ಕೋ ಡಾಟ್ ಇನ್?

ಎರಡೂ ಒಂದೇ ಪುಸ್ತಕದಲ್ಲಿ ಇರುತ್ತವೆ. ಎರಡಕ್ಕೂ ಅದೇ ನಿಕ್ಸಿ, ಅದೇ ನಿಯಮ, ಅದೇ ವ್ಯಾಜ್ಯದ ದಾರಿ. ಕೋ ಡಾಟ್ ಇನ್ ಕಂಪನಿಗಳಿಗೆ ಅಂತ ಇದ್ದರೂ ಕಂಪನಿಯ ಕಾಗದ ಯಾರೂ ಕೇಳುವುದಿಲ್ಲ. ಸಂಸ್ಥೆಗಳಿಗೆ ಓಆರ್‌ಜಿ ಡಾಟ್ ಇನ್, ವ್ಯಕ್ತಿಗಳಿಗೆ ಐಎನ್‌ಡಿ ಡಾಟ್ ಇನ್, ಅಂಗಡಿ ಪಾಲುದಾರಿಕೆಗಳಿಗೆ ಫರ್ಮ್ ಡಾಟ್ ಇನ್, ಜೊತೆಗೆ ನೆಟ್ ಡಾಟ್ ಇನ್ ಮತ್ತು ಜೆನ್ ಡಾಟ್ ಇನ್. ಇವೆಲ್ಲ ಎಲ್ಲರಿಗೂ ತೆರೆದಿವೆ.

ಹಳೇ ಕಂಪನಿಗಳು ಕೋ ಡಾಟ್ ಇನ್‌ನಲ್ಲಿ ಇರುವುದಕ್ಕೆ ಕಾರಣ ಬ್ರಿಟನ್ನಿನ ರೂಢಿ ಮತ್ತು 2005ರ ಮುಂಚಿನ ನಿಯಮ. ಗೂಗಲ್ ಕೋ ಡಾಟ್ ಇನ್ ನೆನಪಿದೆ ಅಲ್ವಾ? ಆಮೇಲೆ ಬಂದ ಅಮೆಜಾನ್ ನೇರ ಡಾಟ್ ಇನ್ ತೆಗೆದುಕೊಂಡಿತು. ಬ್ರಿಟನ್ ಕೂಡ 2014ರಲ್ಲಿ ನೇರ ಡಾಟ್ ಯುಕೆ ಕೊಡಲು ಶುರು ಮಾಡಿತು. ಗಾಳಿ ಎತ್ತ ಬೀಸುತ್ತಿದೆ ಅನ್ನುವುದು ಸ್ಪಷ್ಟ.

ನನ್ನ ಅಭಿಪ್ರಾಯ ನೇರವಾಗಿದೆ. ನಿಮ್ಮ ಹೆಸರು ನೇರ ಡಾಟ್ ಇನ್‌ನಲ್ಲಿ ಸಿಕ್ಕರೆ ಅದನ್ನೇ ಕೊಳ್ಳಿ. ಫೋನಿನಲ್ಲಿ ಹೇಳಲು ಸುಲಭ, ಬೋರ್ಡಿನಲ್ಲಿ ಬರೆಯಲು ಚಿಕ್ಕದು. ಅದು ಬೇರೆಯವರ ಕೈಯಲ್ಲಿದ್ದು, ಅವರೂ ನಿಮ್ಮ ತರಹದ್ದೇ ವ್ಯಾಪಾರ ಮಾಡುತ್ತಿದ್ದರೆ, ಅದೇ ಹೆಸರಿನ ಕೋ ಡಾಟ್ ಇನ್ ಕೊಳ್ಳಬೇಡಿ. ನಿಮ್ಮ ಗಿರಾಕಿ "ಕೋ" ಬಿಟ್ಟು ಟೈಪ್ ಮಾಡಿ ಅವರ ಬಾಗಿಲಿಗೆ ಹೋಗುತ್ತಾನೆ. ಹೆಸರನ್ನೇ ಸ್ವಲ್ಪ ಬದಲಿಸಿ, ಊರಿನ ಹೆಸರನ್ನೋ ಕೆಲಸದ ಹೆಸರನ್ನೋ ಸೇರಿಸಿ ನೇರ ಡಾಟ್ ಇನ್ ತೆಗೆದುಕೊಳ್ಳುವುದು ವಾಸಿ. ಹಣ ಇದ್ದರೆ ಎರಡನ್ನೂ ಕೊಂಡು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿ. ಓಆರ್‌ಜಿ ಡಾಟ್ ಇನ್ ಬಗ್ಗೆ ಮಾತ್ರ ನನಗೆ ಸ್ವಲ್ಪ ಒಲವು ಜಾಸ್ತಿ. ಸಂಘ, ಟ್ರಸ್ಟ್, ಗ್ರಂಥಾಲಯ ಇಂಥವಕ್ಕೆ ಅದು ಒಪ್ಪುತ್ತದೆ, ಓದಿದವರಿಗೆ ಕೂಡಲೇ ಅರ್ಥವೂ ಆಗುತ್ತದೆ.

ಕಾಗದ ತೋರಿಸಿದರೆ ಮಾತ್ರ ಸಿಗುವ ಬಾಲಗಳು

ಡಾಟ್ ಇನ್ ಒಳಗೆ ಕೆಲವು ಬಾಗಿಲುಗಳಿಗೆ ಕಾವಲು ಇದೆ. ಇವುಗಳನ್ನು ಕೊಳ್ಳಲು ಆಗುವುದಿಲ್ಲ, ಅರ್ಹತೆ ತೋರಿಸಿ ಪಡೆಯಬೇಕು. ಗವ್ ಡಾಟ್ ಇನ್ ಸರ್ಕಾರದ ಸಂಸ್ಥೆಗಳಿಗೆ ಮಾತ್ರ, ಕೊಡುವುದು ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಎನ್‌ಐಸಿ. ಮಿಲ್ ಡಾಟ್ ಇನ್ ಸೇನೆಗೆ. ಎಸಿ ಡಾಟ್ ಇನ್, ಎಜು ಡಾಟ್ ಇನ್ ಮತ್ತು ರೆಸ್ ಡಾಟ್ ಇನ್ ಮೂರನ್ನೂ ಅರ್ನೆಟ್ ಇಂಡಿಯಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಕೊಡುತ್ತದೆ. ಮೊದಲ ಎರಡು ಶಿಕ್ಷಣ ಸಂಸ್ಥೆಗಳಿಗೆ, ಮೂರನೆಯದು ಸಂಶೋಧನಾ ಸಂಸ್ಥೆಗಳಿಗೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ರೆಸ್ ಡಾಟ್ ಇನ್‌ನಲ್ಲಿದೆ, ಮೈಸೂರು ವಿಶ್ವವಿದ್ಯಾನಿಲಯ ಎಸಿ ಡಾಟ್ ಇನ್‌ನಲ್ಲಿದೆ.

ನೀವು ಶಾಲೆಯೋ ಕಾಲೇಜೋ ನಡೆಸುತ್ತಿದ್ದರೆ ದಯವಿಟ್ಟು ಆ ಕಾಗದದ ಕೆಲಸ ಮಾಡಿ. ಮಾನ್ಯತೆಯ ಪತ್ರ, ಮುಖ್ಯಸ್ಥರ ಸಹಿ ಅಂತ ಓಡಾಡಬೇಕಾಗುತ್ತದೆ. ಆದರೆ ಆ ಬಾಲಕ್ಕೆ ಇರುವ ನಂಬಿಕೆ ದುಡ್ಡಿಗೆ ಸಿಗುವುದಿಲ್ಲ. ಸೀಟು ಹುಡುಕುವ ಪೋಷಕರು ಎಸಿ ಡಾಟ್ ಇನ್ ನೋಡಿದರೆ, ಇದರ ಹಿಂದೆ ಯಾರೋ ದಾಖಲೆ ನೋಡಿದ್ದಾರೆ ಅಂತ ತಿಳಿಯಬಹುದು. ಇನ್ನೊಂದು ಲಾಭವೂ ಇದೆ. ನವೀಕರಣ ತಪ್ಪಿದರೂ ಆ ಹೆಸರನ್ನು ಜೂಜಿನವರು ಬಂದು ಕೊಳ್ಳಲು ಆಗುವುದಿಲ್ಲ.

ಬ್ಯಾಂಕ್‌ಗಳ ವಿಷಯ ಇನ್ನೂ ಹೊಸದು, ಇದು ಎಲ್ಲರಿಗೂ ಬೇಕಾದದ್ದು. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಬ್ಯಾಂಕ್ ಡಾಟ್ ಇನ್ ಅನ್ನುವ ಮೀಸಲು ಬಾಲವನ್ನು ಘೋಷಿಸಿತು. ಬ್ಯಾಂಕ್ ಅಲ್ಲದ ಹಣಕಾಸು ಸಂಸ್ಥೆಗಳಿಗೆ ಫಿನ್ ಡಾಟ್ ಇನ್. ರಿಸರ್ವ್ ಬ್ಯಾಂಕ್ ಕಟ್ಟಿದ, ಹೈದರಾಬಾದಿನ ಐಡಿಆರ್‌ಬಿಟಿ ಅನ್ನುವ ಸಂಸ್ಥೆ ಒಂದೇ ಇದರ ರಿಜಿಸ್ಟ್ರಾರ್. 2025ರ ಅಕ್ಟೋಬರ್ 31ರ ಒಳಗೆ ಬ್ಯಾಂಕ್‌ಗಳೆಲ್ಲ ಇದಕ್ಕೆ ಬದಲಾಗಬೇಕು ಅಂತ ಆದೇಶ ಬಂತು. ಸ್ಟೇಟ್ ಬ್ಯಾಂಕ್ ಈಗ "ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್". ಬಲದಿಂದ ಓದುವ ಅಭ್ಯಾಸ ಇಲ್ಲಿ ಹಣ ಉಳಿಸುತ್ತದೆ. ಮೋಸಗಾರ "ಬ್ಯಾಂಕ್ ಹೈಫನ್ ಇನ್ ಡಾಟ್ ಕಾಮ್" ಅಂತ ಕೊಳ್ಳಬಹುದು, ಬ್ಯಾಂಕ್ ಮತ್ತು ಇನ್ ನಡುವೆ ಚುಕ್ಕಿ ಇರುವ, ವಿಳಾಸದ ಕೊನೆಯಲ್ಲೇ ಬರುವ ಆ ಬಾಲವನ್ನು ಕೊಳ್ಳಲಾರ. ಕೊನೆಯಲ್ಲಿ ಏನಿದೆ ಅನ್ನುವುದೇ ಮುಖ್ಯ. ಮಧ್ಯದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ನಿಮ್ಮ ಮನೆಯ ಹಿರಿಯರಿಗೆ ಒಮ್ಮೆ ಇದನ್ನು ಕೂರಿಸಿಕೊಂಡು ತೋರಿಸಿ.

.ಭಾರತ: ನಮ್ಮ ಲಿಪಿಯಲ್ಲಿ ನಮ್ಮ ವಿಳಾಸ

ದೇವನಾಗರಿಯ ಭಾರತ್ ಬಾಲ 2014ರ ಆಗಸ್ಟ್‌ನಲ್ಲಿ ಬಂತು. ಆಮೇಲೆ ಕನ್ನಡದ .ಭಾರತ ಕೂಡ ಬೇರಿನ ಪಟ್ಟಿಗೆ ಸೇರಿತು. ಸಂವಿಧಾನದ 22 ಭಾಷೆಗಳಿಗೂ ಬಾಲ ಇದೆ. ಇದನ್ನೂ ನೋಡಿಕೊಳ್ಳುವುದು ನಿಕ್ಸಿಯೇ. ಚುಕ್ಕಿಯ ಎರಡೂ ಕಡೆ ಒಂದೇ ಲಿಪಿ ಇರಬೇಕು.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿದಿದ್ದರೆ ತೊಂದರೆಗಳೂ ಅರ್ಥವಾಗುತ್ತವೆ. ಇಂಟರ್ನೆಟ್‌ನ ಹಳೇ ಯಂತ್ರಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಹೈಫನ್ ಬಿಟ್ಟು ಬೇರೇನೂ ಗೊತ್ತಿಲ್ಲ. ಹಾಗಾಗಿ ಕನ್ನಡದ ಹೆಸರನ್ನು ಒಳಗೊಳಗೇ ಪ್ಯೂನಿಕೋಡ್‌ಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸಂಕೇತಕ್ಕೆ, ಬದಲಿಸುತ್ತಾರೆ. ನಮ್ಮ "ಭಾರತ" ಒಳಗೆ ಎಕ್ಸ್, ಎನ್, ಎರಡು ಹೈಫನ್ ಅಂತ ಶುರುವಾಗುವ 11 ಗುರುತುಗಳ ಸಾಲು. ಬ್ರೌಸರ್ ಅದನ್ನು ಮತ್ತೆ ಕನ್ನಡ ಮಾಡಿ ತೋರಿಸುತ್ತದೆ. ಕೆಲವು ಆ್ಯಪ್‌ಗಳು ತೋರಿಸುವುದಿಲ್ಲ. ಲಿಂಕ್ ನಕಲು ಮಾಡಿ ಕಳಿಸಿದರೆ ನಿಮ್ಮ ಚೆಂದದ ಹೆಸರು ಆ ಸಾಲಾಗಿ ಬಂದು ಬೀಳಬಹುದು. ಇಮೇಲ್‌ನಲ್ಲಿ ಕಷ್ಟ ಇನ್ನೂ ಜಾಸ್ತಿ. ಕನ್ನಡ ವಿಳಾಸದ ಇಮೇಲ್ ಕೊಟ್ಟರೆ "ಇದು ಸರಿಯಾದ ಇಮೇಲ್ ಅಲ್ಲ" ಅನ್ನುವ ಅರ್ಜಿ ಪುಟಗಳು ಈಗಲೂ ಬೇಕಾದಷ್ಟಿವೆ.

ಕನ್ನಡಕ್ಕೇ ವಿಶೇಷವಾದ ಒಂದು ಎಚ್ಚರಿಕೆ ಹೇಳಬೇಕು. ನಾವು "ಸಾಫ್ಟ್‌ವೇರ್" ಅಂತ ಬರೆಯುವಾಗ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿರುತ್ತೇವೆ. ಅದು ಇಲ್ಲದಿದ್ದರೆ "ಸಾಫ್ಟ್ವೇರ್" ಅಂತ ಒತ್ತಕ್ಷರ ಆಗುತ್ತದೆ. ಡೊಮೇನ್ ನಿಯಮಗಳ ಹಳೇ ಆವೃತ್ತಿ ಈ ಗುರುತನ್ನು ಸುಮ್ನೆ ಅಳಿಸಿ ಹಾಕುತ್ತದೆ, ಹೊಸ ಆವೃತ್ತಿ ಕೆಲವು ಕಡೆ ಒಪ್ಪುತ್ತದೆ. ಎರಡು ಕಡೆ ಎರಡು ಥರ ಆದರೆ ಗಿರಾಕಿ ನಿಮ್ಮ ಹತ್ತಿರ ತಲುಪುವುದೇ ಇಲ್ಲ. ಹಾಗಾಗಿ .ಭಾರತ ಕೊಳ್ಳುವವರು ಈ ಗುರುತು ಬೇಡದ ಹೆಸರನ್ನೇ ಆರಿಸಿ. "ಹಪ್ಪಳ", "ಮಲ್ಲಿಗೆ", "ನೆರೆಮನೆ" ತರಹದ ಅಚ್ಚಗನ್ನಡ ಪದಗಳಿಗೆ ಈ ಕಾಟ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು .ಭಾರತ ಬೇಡ ಅನ್ನುವುದಿಲ್ಲ. ಇಂಗ್ಲಿಷ್ ಅಕ್ಷರ ಓದದ ಒಬ್ಬ ಅಜ್ಜಿಗೆ ಬೋರ್ಡಿನ ಮೇಲಿನ ವಿಳಾಸ ಓದಲು ಬರಬೇಕು ಅನ್ನುವುದು ದೊಡ್ಡ ಆಸೆ, ನ್ಯಾಯವಾದ ಆಸೆ. ಕನ್ನಡ ಪತ್ರಿಕೆ, ಗ್ರಂಥಾಲಯ, ರಂಗತಂಡ, ಹಳ್ಳಿಯ ಸಂಘ, ಇವರೆಲ್ಲ ಕೊಳ್ಳಲಿ. ಆದರೆ ಅದೊಂದೇ ಬೇಡ. ಡಾಟ್ ಇನ್ ಮುಖ್ಯ ಮನೆ ಆಗಿರಲಿ, ಇಮೇಲ್ ಅಲ್ಲಿಂದ ನಡೆಯಲಿ. .ಭಾರತ ಅದೇ ಮನೆಗೆ ಬರುವ ಇನ್ನೊಂದು ಬಾಗಿಲಾಗಿರಲಿ. ಎಲ್ಲ ರಿಜಿಸ್ಟ್ರಾರ್‌ಗಳೂ ಕನ್ನಡದ ಬಾಲವನ್ನು ಮಾರುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಡಾಟ್ ಕಾಮ್ ಎದುರು ಡಾಟ್ ಇನ್

ಡಾಟ್ ಕಾಮ್ ಯಾವ ದೇಶದ್ದೂ ಅಲ್ಲ ಅಂತ ಕಾಣುತ್ತದೆ. ಆದರೆ ಅದರ ಪುಸ್ತಕ ಇರುವುದು ಅಮೆರಿಕದ ವೆರಿಸೈನ್ ಕಂಪನಿಯ ಕೈಯಲ್ಲಿ, ನಿಯಮ ಐಕ್ಯಾನ್‌ದು, ಅಂದರೆ ಜಗತ್ತಿನ ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯದು. ಅಲ್ಲಿನ ನ್ಯಾಯಾಲಯದ ಆದೇಶ ಬಂದರೆ ವೆರಿಸೈನ್ ಪಾಲಿಸಬೇಕು. ಡಾಟ್ ಇನ್ ಭಾರತದ ಕಾನೂನಿನ ಕೆಳಗೆ. ದೇಶದ ಬಾಲಗಳ ನಿಯಮವನ್ನು ಐಕ್ಯಾನ್ ಬರೆಯುವುದಿಲ್ಲ, ಆಯಾ ದೇಶವೇ ಬರೆಯುತ್ತದೆ.

ಈ ವ್ಯತ್ಯಾಸ ಹೆಚ್ಚು ತಟ್ಟುವುದು ಜಗಳ ಬಂದಾಗ. ನಿಮ್ಮ ಅಂಗಡಿಯ ಹೆಸರನ್ನು ಯಾರೋ ಮೊದಲೇ ಕೊಂಡಿಟ್ಟು ಹಣ ಕೇಳುತ್ತಿದ್ದಾರೆ ಅಂದುಕೊಳ್ಳಿ. ಡಾಟ್ ಕಾಮ್‌ಗೆ 1999ರಿಂದ ಯುಡಿಆರ್‌ಪಿ ಅನ್ನುವ ದಾರಿ ಇದೆ. ಜಿನೀವಾದ ವೈಪೊ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ತರಹದ ಕಡೆ ದೂರು ಕೊಡಬೇಕು, ಶುಲ್ಕ ಡಾಲರ್‌ನಲ್ಲಿ. ಅಲ್ಲಿ ಮುಖ್ಯವಾಗಿ ಟ್ರೇಡ್‌ಮಾರ್ಕ್ ಬೇಕು. ಹಾಗೆಯೇ ಎದುರಾಳಿ ಕೆಟ್ಟ ಉದ್ದೇಶದಿಂದ ಹೆಸರು ಕೊಂಡ, ಮತ್ತು ಕೆಟ್ಟ ಉದ್ದೇಶದಿಂದಲೇ ಬಳಸುತ್ತಿದ್ದಾನೆ ಅಂತ ಎರಡನ್ನೂ ತೋರಿಸಬೇಕು. ಡಾಟ್ ಇನ್‌ಗೆ 2005ರಿಂದ ಐಎನ್‌ಡಿಆರ್‌ಪಿ ಇದೆ. ನಿಕ್ಸಿ ಒಬ್ಬ ಮಧ್ಯಸ್ಥರನ್ನು ನೇಮಿಸುತ್ತದೆ. 1996ರ ಭಾರತದ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ವಿಚಾರಣೆ ನಡೆಯುತ್ತದೆ. ಇಲ್ಲಿ ಕೆಟ್ಟ ಉದ್ದೇಶದಿಂದ ಕೊಂಡಿದ್ದು "ಅಥವಾ" ಬಳಸಿದ್ದು, ಎರಡರಲ್ಲಿ ಒಂದನ್ನು ತೋರಿಸಿದರೆ ಸಾಕು. "ಮತ್ತು" ಹೋಗಿ "ಅಥವಾ" ಬಂದಿದೆ, ಅಷ್ಟೇ. ಆದರೆ ಸಣ್ಣ ವ್ಯಾಪಾರಿಗೆ ಆ ಒಂದು ಪದದ ಬೆಲೆ ದೊಡ್ಡದು.

2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಉಂಟು ಅಂತ ಹೇಳಿತು. ಆದ್ದರಿಂದ ಯಾವ ಬಾಲ ಇದ್ದರೂ ನಮ್ಮ ನ್ಯಾಯಾಲಯಕ್ಕೆ ಹೋಗುವ ದಾರಿ ಇದೆ. ಆದರೆ ಆದೇಶ ಬಂದ ಮೇಲೆ ಅದನ್ನು ಜಾರಿ ಮಾಡಬೇಕಾದ ರಿಜಿಸ್ಟ್ರಿ ಇಲ್ಲೇ ಇದ್ದರೆ ಕೆಲಸ ಸುಲಭ.

ಇನ್ನೊಂದು ವಿಷಯ ಖಾಸಗಿತನ. ಡಾಟ್ ಕಾಮ್‌ನಲ್ಲಿ ನಿಮ್ಮ ಹೆಸರಿನ ಬದಲು ಬೇರೊಂದು ಸೇವೆಯ ಹೆಸರು ಹಾಕಿ ಮರೆಯಲ್ಲಿ ಇರಬಹುದು. ಡಾಟ್ ಇನ್‌ನಲ್ಲಿ ಅದಕ್ಕೆ ಅವಕಾಶ ಇಲ್ಲ. ನಿಜವಾದ ಹೆಸರು, ವಿಳಾಸ ಕೊಡಬೇಕು, ಗುರುತಿನ ಪರಿಶೀಲನೆಯನ್ನೂ ಕೇಳಬಹುದು. ಮೊದಮೊದಲು ಇದು ನನಗೆ ಕಿರಿಕಿರಿ ಅನಿಸಿತ್ತು. ಸಂಘದ ಕಥೆ ಆದ ಮೇಲೆ ಅನಿಸುವುದಿಲ್ಲ. ಪುಸ್ತಕದಲ್ಲಿ ನಿಜವಾದ ಖಾತೆದಾರರ ಹೆಸರು ಇದ್ದಿದ್ದರೆ ಅವರಿಗೆ ಹೆಸರು ಕೈ ತಪ್ಪುತ್ತಲೇ ಇರಲಿಲ್ಲ. ಆದರೆ ಜೀವಕ್ಕೆ ಅಪಾಯ ಇರುವ ವಿಷಯ ಬರೆಯುವವರ ಪರಿಸ್ಥಿತಿ ಬೇರೆ. ಅವರು ಈ ನಿಯಮವನ್ನು ಗಮನದಲ್ಲಿಟ್ಟೇ ಬಾಲ ಆರಿಸಬೇಕು.

ಗಿರಾಕಿಗಳು ಎಲ್ಲಿದ್ದಾರೆ ಅನ್ನುವುದನ್ನೂ ನೋಡಿ. ಗೂಗಲ್ ಡಾಟ್ ಇನ್ ಸೈಟನ್ನು ಭಾರತದ ಓದುಗರಿಗಾಗಿ ಇರುವ ಸೈಟ್ ಅಂತ ಲೆಕ್ಕ ಹಾಕುತ್ತದೆ. ಇಲ್ಲೇ ಮಾರುವವರಿಗೆ ಇದು ಅನುಕೂಲ. ಹತ್ತು ದೇಶಕ್ಕೆ ಸಾಫ್ಟ್‌ವೇರ್ ಮಾರುವವರಿಗೆ ಡಾಟ್ ಕಾಮ್ ಸರಿ. ಅಂದ ಹಾಗೆ, ಡಾಟ್ ಇನ್ ಕೊಳ್ಳಲು ಭಾರತದಲ್ಲಿ ಇರಲೇಬೇಕು ಅಂತ ಇಲ್ಲ, ಯಾವ ದೇಶದವರೂ ಕೊಳ್ಳಬಹುದು. ಡಾಟ್ ಇನ್ ಕಂಡ ಕೂಡಲೇ "ಇದು ನಮ್ಮ ದೇಶದ ಅಂಗಡಿ" ಅಂತ ನಂಬಬೇಡಿ. ಸೈಟಿನ ಸರ್ವರ್ ಎಲ್ಲಿದೆ ಅನ್ನುವುದಕ್ಕೂ ಬಾಲಕ್ಕೂ ಸಂಬಂಧ ಇಲ್ಲ.

ಬೇರೆ ದೇಶದ ಬಾಲ ಹಿಡಿದರೆ

ಈಗ ಹೊಸ ಕಂಪನಿಗಳಿಗೆ ಡಾಟ್ ಎಐ, ಡಾಟ್ ಐಒ, ಡಾಟ್ ಕೋ ಬೇಕು. ಇವೆಲ್ಲ ದೇಶದ ಅಥವಾ ಪ್ರದೇಶದ ಬಾಲಗಳು. ಡಾಟ್ ಎಐ ಕೆರಿಬಿಯನ್‌ನ ಪುಟ್ಟ ದ್ವೀಪ ಆಂಗ್ವಿಲ್ಲಾದ್ದು, ಕನಿಷ್ಠ 2 ವರ್ಷಕ್ಕೆ ಕೊಳ್ಳಬೇಕು. ಡಾಟ್ ಕೋ ಕೊಲಂಬಿಯಾದ್ದು, ಡಾಟ್ ಟಿವಿ ಟುವಾಲು ದೇಶದ್ದು.

ಡಾಟ್ ಐಒ ಕಥೆಯನ್ನು ಗಮನವಿಟ್ಟು ನೋಡಿ. ಅದು ಬ್ರಿಟನ್ನಿನ ಹಿಂದೂ ಮಹಾಸಾಗರ ಪ್ರದೇಶದ್ದು, ಅಂದರೆ ಚಾಗೋಸ್ ದ್ವೀಪಗಳದ್ದು. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇಯಲ್ಲಿ ಸಹಿ ಬಿತ್ತು. ಪ್ರದೇಶವೇ ಇಲ್ಲವಾಗಿ ಐಎಸ್‌ಒ ಪಟ್ಟಿಯಿಂದ ಆ ಎರಡಕ್ಷರ ತೆಗೆದರೆ, ಬಾಲವನ್ನು ನಿಲ್ಲಿಸುವ ನಿಯಮ ಇದೆ. ಸಾಮಾನ್ಯವಾಗಿ 5 ವರ್ಷದ ಕಾಲಾವಕಾಶ, ಹೆಚ್ಚೆಂದರೆ 10. ಇದು ಬರೀ ಊಹೆಯ ಮಾತಲ್ಲ. ಯುಗೋಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಹೀಗೇ ಇಲ್ಲವಾಯಿತು. ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಮಾತ್ರ ದೇಶ ಹೋದ ಮೇಲೂ ಉಳಿದುಕೊಂಡಿತು. ಹಾಗಾಗಿ ಡಾಟ್ ಐಒ ನಾಳೆಯೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಿಮಗೆ ಮತ ಇಲ್ಲದ ಒಂದು ರಾಜಕೀಯದ ಮೇಲೆ ನಿಮ್ಮ ಅಂಗಡಿಯ ಬೋರ್ಡು ನೇತಾಡುತ್ತಿದೆ ಅನ್ನುವುದು ಗೊತ್ತಿರಲಿ.

ಕಾನೂನು ಬದಲಾದರೂ ಏಟು ಬೀಳುತ್ತದೆ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ, 2021ರ ಶುರುವಿನಲ್ಲಿ ಅಲ್ಲಿನವರ ಸಾವಿರಾರು ಡಾಟ್ ಇಯು ಹೆಸರುಗಳು ನಿಂತುಹೋದವು. 2010ರಲ್ಲಿ ಲಿಬಿಯಾದ ರಿಜಿಸ್ಟ್ರಿ ತನ್ನ ದೇಶದ ಕಾನೂನಿಗೆ ಒಪ್ಪುವುದಿಲ್ಲ ಅಂತ ಒಂದು ಡಾಟ್ ಎಲ್‌ವೈ ಹೆಸರನ್ನು ಕಿತ್ತುಕೊಂಡಿತು.

ಪುಕ್ಕಟೆ ಹೆಸರುಗಳ ವಿಷಯ ಬೇಗ ಮುಗಿಸುತ್ತೇನೆ. ಫ್ರೀನಾಮ್ ಅನ್ನುವ ಕಂಪನಿ ಟೊಕೆಲಾವ್, ಮಾಲಿ, ಗ್ಯಾಬನ್ ಮುಂತಾದವುಗಳ ಬಾಲದ ಹೆಸರುಗಳನ್ನು ಉಚಿತವಾಗಿ ಹಂಚುತ್ತಿತ್ತು. ಮೋಸದ ಸೈಟ್‌ಗಳು ಅಲ್ಲಿ ತುಂಬಿಕೊಂಡವು. 2023ರಲ್ಲಿ ಅದು ಹೊಸ ನೋಂದಣಿ ನಿಲ್ಲಿಸಿತು. ಅದೇ ವರ್ಷ ಗ್ಯಾಬನ್ ತನ್ನ ಬಾಲವನ್ನು ವಾಪಸ್ ಪಡೆದು ಲಕ್ಷಗಟ್ಟಲೆ ಹೆಸರುಗಳನ್ನು ಅಳಿಸಿತು. ಕಾಲೇಜಿನ ಪ್ರಾಜೆಕ್ಟ್‌ಗೆ ಕೂಡ ಪುಕ್ಕಟೆ ಹೆಸರು ಬೇಡ.

ಕೊಳ್ಳುವ ಕೌಂಟರ್, ಮತ್ತು ಯಾರ ಹೆಸರಿಗೆ

ಬಾಲ ಆರಿಸಿದ ಮೇಲೆ ರಿಜಿಸ್ಟ್ರಾರ್ ಆರಿಸಬೇಕು. ಇಲ್ಲಿ ಜನ ಮೊದಲ ವರ್ಷದ ಬೆಲೆ ನೋಡಿ ಮರುಳಾಗುತ್ತಾರೆ. ಎರಡನೇ ವರ್ಷದ ನವೀಕರಣಕ್ಕೆ ಅದರ ಹಲವು ಪಟ್ಟು ಕೇಳಬಹುದು. 5 ವರ್ಷದ ಒಟ್ಟು ಖರ್ಚು ಕೂಡಿ ನೋಡಿ, ಆಗ ಯಾರು ಅಗ್ಗ ಅಂತ ತಿಳಿಯುತ್ತದೆ. ಬೇರೆ ಕಡೆಗೆ ವರ್ಗಾವಣೆ ಮಾಡುವಾಗ ಬೇಕಾಗುವ ಗುಪ್ತ ಕೋಡ್ ನಿಮಗೇ ನೇರವಾಗಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಫೋನ್ ಮಾಡಿದರೆ ಮನುಷ್ಯರು ಮಾತಾಡುತ್ತಾರಾ ಅಂತ ಒಂದು ಸಲ ಮಾಡಿ ನೋಡಿ. ಸೈಟ್ ಮಾಡಿಕೊಡುವವರೇ "ಡೊಮೇನ್ ನಾವೇ ನೋಡ್ಕೋತೀವಿ" ಅಂದರೆ ಬೇಡ ಅನ್ನಿ. ಖಾತೆ ನಿಮ್ಮದಿರಲಿ, ಕೆಲಸ ಮಾಡಲು ಅವರಿಗೆ ಅನುಮತಿ ಕೊಡಿ.

ಸಂಘದಲ್ಲಿ ನಾವು ಕೊನೆಗೆ ಹೀಗೆ ಮಾಡಿದೆವು. ಹೆಸರಿಗೆ ಊರಿನ ಹೆಸರು ಸೇರಿಸಿ ನೇರ ಡಾಟ್ ಇನ್ ಒಂದನ್ನು 5 ವರ್ಷಕ್ಕೆ ಕೊಂಡೆವು. ನೋಂದಣಿ ಸಂಘದ ಹೆಸರಿಗೆ, ಯಾವುದೇ ಒಬ್ಬರ ಹೆಸರಿಗಲ್ಲ. ಇಮೇಲ್ ಹೊಸ ಡೊಮೇನ್‌ನದ್ದಲ್ಲ, ಬೇರೆಯದು. ಡೊಮೇನ್ ನಿಂತರೆ ಅದರ ಇಮೇಲೂ ನಿಲ್ಲುತ್ತದೆ, ಆಗ ಎಚ್ಚರಿಕೆಯ ಮೇಲ್ ತಲುಪುವುದೇ ಇಲ್ಲ. ಆ ಇಮೇಲ್‌ನ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರವೂ ಇದೆ, ಕಾರ್ಯದರ್ಶಿಯ ಹತ್ತಿರವೂ ಇದೆ. ಅವಧಿ ಮುಗಿದ ಹೆಸರನ್ನು ದಂಡ ಕಟ್ಟಿ ಬಿಡಿಸಿಕೊಳ್ಳಲು ಸಾಮಾನ್ಯವಾಗಿ 30 ದಿನದ ರಿಡೆಂಪ್ಷನ್ ಅವಕಾಶ ಇರುತ್ತದೆ ಅಂತ ಹೇಳಿದಾಗ ಕಾರ್ಯದರ್ಶಿ ಅದನ್ನೂ ಬರೆದುಕೊಂಡರು.

ನವೀಕರಣದ ತಾರೀಖು ಈಗ ಸಂಘದ ನಡಾವಳಿ ಪುಸ್ತಕದಲ್ಲಿದೆ. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿದ ಮೇಲೆ ಅದನ್ನೂ ಜೋರಾಗಿ ಓದುತ್ತಾರೆ. ಹಳೇ ವಿಳಾಸ ಅಚ್ಚಾದ ಪೊಟ್ಟಣಗಳು ಇನ್ನೂ ಒಂದು ಮೂಟೆ ಉಳಿದಿದ್ದವು. ಅವುಗಳ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಿ ಮುಗಿಸಲು ಅವರಿಗೆ ಎರಡು ಭಾನುವಾರ ಹಿಡಿಯಿತು.